ಯಾರೂ ಮುಟ್ಟದ ಗುಂಡಿ: ತಂತ್ರಾಂಶದ ‘ಡಿಫಾಲ್ಟ್’ ಯಾವ ಕಡೆಗಿರಬೇಕು?

2025ರ ಕೊನೆಯ ಮೂರು ತಿಂಗಳಲ್ಲಿ ಮೂರು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಅಕ್ಟೋಬರ್ 1ರಿಂದ ಯುಪಿಐಯಲ್ಲಿ ಒಬ್ಬರು ಇನ್ನೊಬ್ಬರಿಗೆ ‘ಹಣ ಕಳಿಸಿ’ ಎಂಬ ಕೋರಿಕೆ ಕಳಿಸುವ ಸೌಲಭ್ಯ ನಿಂತಿತು. ನವೆಂಬರ್ ಮಧ್ಯದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಪ್ರಕಟವಾದವು. ಅದೇ ತಿಂಗಳ 28ರಂದು ಕೇಂದ್ರ ದೂರಸಂಪರ್ಕ ಇಲಾಖೆಯು ಹೊಸ ಮೊಬೈಲ್‌ಗಳಲ್ಲಿ, ಫೋನ್ ಕಳವು ಮತ್ತು ವಂಚನೆ ತಡೆಯಲೆಂದು ರೂಪಿಸಿದ ‘ಸಂಚಾರ ಸಾಥಿ’ ಆ್ಯಪ್ ಮೊದಲೇ ಇರಬೇಕು ಎಂದು ತಯಾರಕರಿಗೆ ಸೂಚಿಸಿತು. ಎಲ್ಲೆಡೆಯಿಂದ ಆಕ್ಷೇಪ ಬಂದ ಮೇಲೆ ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಕೈಬಿಟ್ಟಿತು.

ಶಿರಸಿಯ ಸೇವಾ ಸಹಕಾರಿ ಸಂಘದ ಸದಸ್ಯರಿಗೂ ಕಾರವಾರದ ಬೈತಖೋಲ ಬಂದರಿನ ದೋಣಿ ಮಾಲೀಕರಿಗೂ ಇವು ಮೂರು ದಿಕ್ಕಿನ ಸುದ್ದಿಗಳು ಎನ್ನಿಸಿರಬಹುದು. ಜನರ ಒಪ್ಪಿಗೆ ಕೇಳದೆ ಅವರ ಮಾಹಿತಿ ಬಳಸಬೇಡಿ ಎನ್ನುತ್ತದೆ ಒಂದು. ಎಲ್ಲರ ಫೋನಿನಲ್ಲೂ ಇದು ಇರಲೇಬೇಕು ಎನ್ನುತ್ತದೆ ಇನ್ನೊಂದು. ಇದ್ದ ಸೌಲಭ್ಯವನ್ನೇ ಕಿತ್ತುಹಾಕುತ್ತದೆ ಮತ್ತೊಂದು. ಆದರೆ ಮೂರರ ತಳದಲ್ಲೂ ಇರುವುದು ಒಂದೇ ಪ್ರಶ್ನೆ: ಬಳಸುವವರು ಏನನ್ನೂ ಮುಟ್ಟದೆ ಬಿಟ್ಟರೆ ತಂತ್ರಾಂಶ ಹೇಗೆ ನಡೆದುಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರವನ್ನು ತಂತ್ರಾಂಶ ಬರೆಯುವವರು ದಿನಕ್ಕೆ ಹತ್ತಾರು ಬಾರಿ, ಬಹಳ ಸಲ ಯೋಚಿಸದೆಯೇ, ಕೊಡುತ್ತಿರುತ್ತಾರೆ. ಪರಿಣಾಮ ನಮ್ಮ ಪಾಸ್‌ಬುಕ್ಕಿನವರೆಗೆ ಬಂದು ಮುಟ್ಟುತ್ತದೆ.

ಸುಸ್ತಿಯಲ್ಲದ ಡಿಫಾಲ್ಟ್

ಸಹಕಾರಿ ಸಂಘಗಳಲ್ಲಿ ಡಿಫಾಲ್ಟ್ ಎಂದರೆ ಸುಸ್ತಿ, ಅಂದರೆ ವಾಯಿದೆಗೆ ಕಟ್ಟದೆ ಉಳಿದ ಸಾಲ. ತಂತ್ರಾಂಶದಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಹೋಟೆಲಿನಲ್ಲಿ ‘ಒಂದು ಚಹಾ’ ಎಂದರೆ ಸಕ್ಕರೆ ಹಾಕಿದ ಚಹಾ ಬರುತ್ತದೆ. ಸಕ್ಕರೆ ಬೇಡದವರು ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಹೀಗೆ, ಹೇಳದೆ ಇದ್ದವರಿಗೆ ಏನು ಸಿಗುತ್ತದೋ ಅದೇ ಡಿಫಾಲ್ಟ್. ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಹೊಸ ಗುಂಡಿ ಸೇರಿದಾಗ ಅದು ‘ಆನ್’ ಇರಬೇಕೋ ‘ಆಫ್’ ಇರಬೇಕೋ, ಒಂದು ಅಂಕಿ ತುಂಬುವ ಜಾಗವಿದ್ದರೆ ಮೊದಲೇ ಯಾವ ಅಂಕಿ ಇರಬೇಕು ಎಂಬುದನ್ನು ಯಾರೋ ಒಬ್ಬರು ನಿರ್ಧರಿಸಿರುತ್ತಾರೆ.

ಹೋಟೆಲಿಗೂ ಮೊಬೈಲಿಗೂ ಒಂದು ವ್ಯತ್ಯಾಸವಿದೆ. ಚಹಾದ ರುಚಿ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ತಂತ್ರಾಂಶದ ಆಯ್ಕೆ ಹಾಗಲ್ಲ, ಅದು ಇದೆ ಎಂಬುದೇ ಬಹುಪಾಲು ಜನರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಅದನ್ನು ಬದಲಿಸುವವರು ಕಡಿಮೆ.

ಮೊದಲೇ ಇಟ್ಟ ಆಯ್ಕೆಗೆ ಎಷ್ಟು ಬಲ ಎಂಬುದಕ್ಕೆ ತಂತ್ರಾಂಶದ ಹೊರಗಿನ ಒಂದು ನಿದರ್ಶನ ಪ್ರಸಿದ್ಧವಾಗಿದೆ. ಅಂಗಾಂಗ ದಾನಕ್ಕೆ ಸಮ್ಮತಿ ಸೂಚಿಸಿದವರ ಪ್ರಮಾಣವನ್ನು ಯುರೋಪಿನ ದೇಶಗಳಲ್ಲಿ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತು. ದಾನಿಯಾಗಬೇಕಾದರೆ ನೀವೇ ಹೇಳಬೇಕು ಎಂಬ ನಿಯಮವಿದ್ದ ಜರ್ಮನಿಯಲ್ಲಿ ಅದು ಶೇ 12. ಬೇಡವೆಂದು ಹೇಳದಿದ್ದರೆ ಒಪ್ಪಿದಂತೆ ಎಂಬ ನಿಯಮವಿದ್ದ ನೆರೆಯ ಆಸ್ಟ್ರಿಯದಲ್ಲಿ ಶೇ 99.98. ಕಾಗದದ ಮೇಲಿನ ಸಮ್ಮತಿ ಅಷ್ಟೇ ಪ್ರಮಾಣದ ದಾನವಾಗಿ ಮಾರ್ಪಡುವುದಿಲ್ಲ, ನಿಜ. ಆದರೂ ಎರಡು ದೇಶಗಳ ಜನರ ಕರುಣೆಯಲ್ಲಿ ಇಷ್ಟು ಅಂತರವಿರಲು ಸಾಧ್ಯವಿಲ್ಲ. ಅಂತರವಿದ್ದದ್ದು ಅರ್ಜಿಯ ನಮೂನೆಯಲ್ಲಿ. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು. ಐಫೋನಿನ ಬ್ರೌಸರಿನಲ್ಲಿ ಮೊದಲೇ ಇರುವ ಹುಡುಕು ಯಂತ್ರ ತನ್ನದಾಗಿರಲಿ ಎಂದು ಗೂಗಲ್ 2022ರಲ್ಲಿ ಆ್ಯಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು ಎಂಬುದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಂದಿದೆ. ಬೇರೆ ಹುಡುಕು ಯಂತ್ರಕ್ಕೆ ಬದಲಾಯಿಸಲು ಬಳಕೆದಾರರಿಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಹೆಚ್ಚಿನವರು ವ್ಯಯಿಸುವುದಿಲ್ಲ ಎಂಬ ಭರವಸೆಗೆ ತೆತ್ತ ಬೆಲೆ ಅದು.

ಬೆಳೆ ವಿಮೆ ಆನ್, ಎಟಿಎಂ ಕಾರ್ಡ್ ಆಫ್

‘ಸುರಕ್ಷಿತವಾದದ್ದನ್ನೇ ಡಿಫಾಲ್ಟ್ ಮಾಡಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಸುರಕ್ಷಿತ ಎಂದರೆ ಆನ್ ಎಂದೋ ಆಫ್ ಎಂದೋ ಆ ಸಲಹೆ ಹೇಳುವುದಿಲ್ಲ. ಉತ್ತರ ಕನ್ನಡದ ಕೃಷಿಕರಿಗೆ ಪರಿಚಯವಿರುವ ಎರಡು ವ್ಯವಸ್ಥೆಗಳನ್ನು ಪಕ್ಕಪಕ್ಕ ಇಟ್ಟರೆ ತೊಡಕು ಬಿಡಿಸಿಕೊಳ್ಳುತ್ತದೆ.

ಮೊದಲನೆಯದು ಹವಾಮಾನ ಆಧಾರಿತ ಬೆಳೆ ವಿಮೆ. ಜಿಲ್ಲೆಯಲ್ಲಿ ಅಡಿಕೆ ಮತ್ತು ಕಾಳುಮೆಣಸಿಗೆ ಈ ವಿಮೆ ಇದೆ. 2020ರ ಮುಂಗಾರಿನವರೆಗೆ ಬೆಳೆ ಸಾಲ ಪಡೆದವರಿಗೆ ವಿಮೆ ಕಡ್ಡಾಯವಾಗಿತ್ತು. ಆಮೇಲೆ ಅದು ಐಚ್ಛಿಕವಾಯಿತು. ಆದರೆ ಐಚ್ಛಿಕವಾದ ರೀತಿ ಗಮನಿಸಬೇಕಾದದ್ದು: ಸಾಲಗಾರ ರೈತ ಬೇಡ ಎನ್ನುವುದಾದರೆ ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಸಂಘ ಅಥವಾ ಬ್ಯಾಂಕು ವಂತಿಗೆ ಮುರಿದುಕೊಂಡು ವಿಮೆಗೆ ಸೇರಿಸುತ್ತದೆ. ಅಂದರೆ ಡಿಫಾಲ್ಟ್ ‘ಆನ್’.

ಎರಡನೆಯದು ಎಟಿಎಂ ಕಾರ್ಡ್. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಹೊಸದಾಗಿ ಕೊಡುವ ಕಾರ್ಡು ದೇಶದೊಳಗಿನ ಎಟಿಎಂನಲ್ಲಿ ಮತ್ತು ಅಂಗಡಿಯ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್ ಖರೀದಿ, ವಿದೇಶಿ ವ್ಯವಹಾರ, ಯಂತ್ರಕ್ಕೆ ತಾಗಿಸಿ ಪಾವತಿಸುವುದು, ಇವೆಲ್ಲ ಬೇಕೆಂದು ಗ್ರಾಹಕರೇ ತೆರೆದುಕೊಳ್ಳಬೇಕು. ಇಲ್ಲಿ ಡಿಫಾಲ್ಟ್ ‘ಆಫ್’.

ಒಂದು ಆನ್, ಒಂದು ಆಫ್. ಎರಡೂ ಸರಿ, ಏಕೆಂದರೆ ಎರಡರಲ್ಲೂ ಒಂದೇ ಲೆಕ್ಕವಿದೆ. ಮರೆತವರಿಗೆ ಆಗುವ ನಷ್ಟ ಎಷ್ಟು, ಅದನ್ನು ಆಮೇಲೆ ಸರಿಪಡಿಸಿಕೊಳ್ಳಲು ಸಾಧ್ಯವೇ ಎಂಬ ಲೆಕ್ಕ. ವಿಮೆ ಬೇಡದಿದ್ದ ರೈತನಿಂದ ವಂತಿಗೆ ಕಡಿತವಾದರೆ ಅವನು ಕಳೆದುಕೊಳ್ಳುವುದು ತೋಟಗಾರಿಕೆ ಬೆಳೆಯ ವಿಮಾ ಮೊತ್ತದ ಶೇ 5ರೊಳಗಿನ ಹಣ. ಒಂದು ಲಕ್ಷಕ್ಕೆ ಹೆಚ್ಚೆಂದರೆ ಐದು ಸಾವಿರ. ವಿಮೆ ಬೇಕಾಗಿದ್ದವನು ಮರೆತು, ಆಷಾಢ ಶ್ರಾವಣದ ಬಿಡದ ಮಳೆಯಲ್ಲಿ ಕೊಳೆ ರೋಗ ತಗಲಿ ಗೊನೆಗಳು ಉದುರಿದರೆ ಅವನು ಕಳೆದುಕೊಳ್ಳುವುದು ವರ್ಷದ ಆದಾಯ, ಮತ್ತು ಆ ಹೊತ್ತಿಗೆ ವಿಮೆಯ ಬಾಗಿಲು ಮುಚ್ಚಿರುತ್ತದೆ. ಕಾರ್ಡಿನ ವಿಷಯದಲ್ಲಿ ಇದು ತಿರುಗುಮುರುಗು. ಆನ್‌ಲೈನ್ ಬೇಕಾದವರಿಗೆ ಆಗುವ ತೊಂದರೆ ಒಂದು ಸಲ ಬ್ಯಾಂಕಿನ ಆ್ಯಪ್ ತೆರೆದು ಗುಂಡಿ ಒತ್ತುವುದಷ್ಟೆ. ಬೇಡವಾಗಿದ್ದವರ ಕಾರ್ಡಿನಿಂದ ಹೊರದೇಶದಲ್ಲಿ ಯಾರೋ ಹಣ ಸೆಳೆದರೆ ಅದನ್ನು ಮರಳಿ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕು.

ಮಳೆಮಾಪಕದ ಅಂಕಿಅಂಶ ಸರಿಯಿಲ್ಲ, ಪರಿಹಾರ ತಡವಾಯಿತು ಎಂಬ ದೂರುಗಳು ಜಿಲ್ಲೆಯಲ್ಲಿ ಇದ್ದೇ ಇವೆ, ನ್ಯಾಯವಾದ ದೂರುಗಳೂ ಹೌದು. ಅವು ವಿಮೆಯ ಗುಣಮಟ್ಟದ ಪ್ರಶ್ನೆ. ವಿಮೆ ನಂಬಿಕೆ ಕಳೆದುಕೊಂಡರೆ ಮೇಲಿನ ತಕ್ಕಡಿಯೂ ವಾಲುತ್ತದೆ. ವಂತಿಗೆ ಕಟ್ಟಿಯೂ ಪರಿಹಾರ ಬಾರದು ಎಂದಾದರೆ ‘ಆನ್’ ಇಟ್ಟದ್ದಕ್ಕೆ ಸಮರ್ಥನೆಯೇ ಉಳಿಯುವುದಿಲ್ಲ. ಡಿಫಾಲ್ಟ್ ಒಮ್ಮೆ ಸರಿಯಿದ್ದರೆ ಸದಾ ಸರಿ ಎಂದೇನಿಲ್ಲ.

ಕಂಪ್ಯೂಟರ್ ಭದ್ರತೆಯಲ್ಲಿ ಈ ಯೋಚನೆ ಹಳೆಯದು. ರಕ್ಷಣೆಯ ವಿಷಯದಲ್ಲಿ ಮೊದಲ ಸ್ಥಿತಿ ‘ಪ್ರವೇಶವಿಲ್ಲ’ ಎಂದಿರಬೇಕು, ಯಾರಿಗೆ ಪ್ರವೇಶ ಎಂಬುದನ್ನು ಒಂದೊಂದಾಗಿ ಸೇರಿಸುತ್ತ ಹೋಗಬೇಕು ಎಂದು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿದ್ದರು. ರೈಲ್ವೆಯ ಹಳೆಯ ಕೈಮರದ ಸಿಗ್ನಲ್ಲಿನಲ್ಲೂ ಇದೇ ಬುದ್ಧಿ ಇತ್ತು. ಎಳೆಯುವ ತಂತಿ ಕಡಿದರೆ ಕೈ ತಾನಾಗಿ ‘ನಿಲ್ಲು’ ಎಂಬ ಸ್ಥಿತಿಗೆ ಬರುತ್ತಿತ್ತು. ರೈಲು ತಡವಾದರೆ ಆದೀತು, ಎರಡು ರೈಲುಗಳು ಎದುರುಬದುರಾದರೆ ತಿದ್ದಲು ಏನೂ ಉಳಿಯುವುದಿಲ್ಲ.

ಈ ಮಾತನ್ನು ಉಪೇಕ್ಷಿಸಿದ್ದರ ಫಲ ಎರಡು ಕಡೆ ಢಾಳಾಗಿ ಕಂಡಿತು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ, ಸಿಸಿಟಿವಿ ಕ್ಯಾಮೆರಾ, ರೂಟರ್‌ಗಳಂಥ ಉಪಕರಣಗಳನ್ನು ವಶಪಡಿಸಿಕೊಳ್ಳಲು ಬಳಸಿದ್ದು ತಯಾರಕರೇ ಇಟ್ಟು ಯಾರೂ ಬದಲಿಸದ ಅರವತ್ತು ಚಿಲ್ಲರೆ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನು. ಎಲ್ಲ ಉಪಕರಣಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕ ನಿಷೇಧಿಸಿದೆ. ಇನ್ನೊಂದು, 2017ರ ಜನವರಿಯಲ್ಲಿ ‘ಮೊಂಗೊಡಿಬಿ’ ಎಂಬ ತಂತ್ರಾಂಶದ ದತ್ತಸಂಚಯಗಳ (ಡೇಟಾಬೇಸ್) ಮೇಲಾದ ದಾಳಿ. ಹಳೆಯ ಆವೃತ್ತಿಗಳಲ್ಲಿ ಪಾಸ್‌ವರ್ಡ್ ಕೇಳದಿರುವುದೇ ಮೊದಲ ಸ್ಥಿತಿಯಾಗಿತ್ತು, ಕೆಲವು ಬಗೆಯ ಸ್ಥಾಪನೆಗಳಲ್ಲಿ ಅಂತರ್ಜಾಲದ ಕಡೆಗಿನ ಬಾಗಿಲೂ ತೆರೆದಿರುತ್ತಿತ್ತು. ಸಾವಿರಾರು ಕಡೆ ದಾಖಲೆಗಳನ್ನು ಅಳಿಸಿ ಹಣಕ್ಕೆ ಬೇಡಿಕೆ ಇಟ್ಟ ಚೀಟಿಯನ್ನು ಬಿಟ್ಟುಹೋಗಿದ್ದರು. ಅದೇ ವರ್ಷದ ಕೊನೆಗೆ ಬಂದ ಹೊಸ ಆವೃತ್ತಿಯಲ್ಲಿ ಬಾಗಿಲು ಮುಚ್ಚಿದ ಸ್ಥಿತಿಯೇ ಡಿಫಾಲ್ಟ್ ಆಯಿತು.

ಅಡಿಕೆ ಬಿಲ್ಲಿನ 47 ಪೈಸೆ

ಇಲ್ಲಿಯವರೆಗಿನದು ಹೊಸದಾಗಿ ಶುರುಮಾಡುವವರ ಕಥೆ. ಈಗಾಗಲೇ ಬಳಸುತ್ತಿರುವವರ ತಂತ್ರಾಂಶಕ್ಕೆ ಹೊಸ ಆಯ್ಕೆಯೊಂದು ಸೇರಿದಾಗ ಲೆಕ್ಕ ಬದಲಾಗುತ್ತದೆ. ಕಷ್ಟ ಹೆಚ್ಚಿರುವುದೂ ಇಲ್ಲೇ.

ಅಡಿಕೆ ಮಾರಾಟದ ಸಹಕಾರಿ ಸಂಘವೊಂದರ ಕೌಂಟರನ್ನು ಕಣ್ಣಮುಂದೆ ತಂದುಕೊಳ್ಳಿ. ಟೆಂಡರ್ ಮುಗಿದಿದೆ, ಒಬ್ಬ ಸದಸ್ಯರ ಚಾಲಿ ಅಡಿಕೆ 3 ಕ್ವಿಂಟಲ್ 47 ಕಿಲೋ ತೂಗಿದೆ. ಕ್ವಿಂಟಲಿಗೆ 45,099 ರೂಪಾಯಿ ದರ ಎಂದು ಉದಾಹರಣೆಗೆ ಹಿಡಿಯೋಣ. ಬಿಲ್ಲು 1,56,493 ರೂಪಾಯಿ 53 ಪೈಸೆ. ಹಿಂದಿನ ರಾತ್ರಿ ತಂತ್ರಾಂಶಕ್ಕೆ ಅಪ್‌ಡೇಟ್ ಬಂದಿದೆ, ‘ಮೊತ್ತವನ್ನು ಸಮೀಪದ ರೂಪಾಯಿಗೆ ಪೂರ್ಣಗೊಳಿಸು’ ಎಂಬ ಹೊಸ ಆಯ್ಕೆ ಸೇರಿದೆ, ಮೊದಲೇ ಟಿಕ್ ಆಗಿದೆ. ಬಿಲ್ಲಿನಲ್ಲಿ 1,56,494 ಎಂದು ಅಚ್ಚಾಗುತ್ತದೆ. ಸದಸ್ಯರಿಗೆ 47 ಪೈಸೆ ಹೆಚ್ಚು, ಅವರು ನೋಡುವುದೂ ಇಲ್ಲ. ಆದರೆ ಖರೀದಿದಾರರ ಕಡೆಯ ಪಟ್ಟಿ ಹಳೆಯ ನಮೂನೆಯಲ್ಲೇ ಪೈಸೆಸಹಿತ ಬಂದಿದೆ. ಸಂಜೆ ಕಿರ್ದಿ ತಾಳೆಯಾಗುವುದಿಲ್ಲ. ಗುಮಾಸ್ತರು ಕತ್ತಲಾಗುವವರೆಗೆ ಕೂತು ಒಂದೊಂದೇ ಬಿಲ್ಲು ತೆರೆದು ಕೂಡಿಸಿ ನೋಡುತ್ತಾರೆ. ತಪ್ಪು ಅವರ ಕೂಡಿಕೆಯಲ್ಲಿಲ್ಲ, ಅವರಿಗೆ ಹೇಳದೆ ಬದಲಾದ ಒಂದು ಟಿಕ್‌ನಲ್ಲಿದೆ. ಮಾರ್ಚ್ ಕೊನೆಯಲ್ಲಿ ಲೆಕ್ಕಪರಿಶೋಧಕರು ‘ಈ ದಿನದಿಂದ ಪದ್ಧತಿ ಬದಲಿಸಲು ಆಡಳಿತ ಮಂಡಳಿಯ ಠರಾವು ಎಲ್ಲಿ?’ ಎಂದು ಕೇಳಿದಾಗ ಉತ್ತರವಿರುವುದಿಲ್ಲ.

ರೂಪಾಯಿಗೆ ಪೂರ್ಣಗೊಳಿಸುವುದು ಕೆಟ್ಟ ಪದ್ಧತಿಯೇನಲ್ಲ. ಹೊಸದಾಗಿ ತೆರೆಯುವ ಸಂಘಕ್ಕೆ ಅದನ್ನೇ ಮೊದಲ ಸ್ಥಿತಿಯಾಗಿ ಇಡಬಹುದು. ತಂತ್ರಾಂಶ ಬರೆಯುವವರಲ್ಲಿ ಅನುಭವಿಗಳು ಆದ್ದರಿಂದಲೇ ಎರಡು ಡಿಫಾಲ್ಟ್ ಇಡುತ್ತಾರೆ. ಹೊಸದಾಗಿ ಹಾಕಿಕೊಳ್ಳುವವರಿಗೆ ಉತ್ತಮವಾದದ್ದು. ಮೇಲ್ದರ್ಜೆಗೆ ಏರುವ ಹಳಬರಿಗೆ ನಿನ್ನೆ ಏನಿತ್ತೋ ಅದು. ಹಳೆಯ ಸ್ಥಿತಿಯೇ ಅಪಾಯಕಾರಿಯಾಗಿದ್ದರೆ ಮಾತ್ರ ಹಳಬರಿಗೂ ಬದಲಿಸಬೇಕು, ಅದೂ ಮುಂಚಿತವಾಗಿ ತಿಳಿಸಿ.

ಇದನ್ನು ಒಪ್ಪದವರಿದ್ದಾರೆ. ಹಳಬರನ್ನು ಹಳೆಯದರಲ್ಲೇ ಬಿಟ್ಟರೆ ಒಂದೇ ತಂತ್ರಾಂಶ ಹತ್ತು ಊರಿನಲ್ಲಿ ಹತ್ತು ಬಗೆಯಾಗಿ ನಡೆಯುತ್ತದೆ, ದೂರವಾಣಿಯಲ್ಲಿ ಸಹಾಯ ಮಾಡುವವರಿಗೆ ಎದುರಿನವರ ಪರದೆಯಲ್ಲಿ ಏನಿದೆ ಎಂದೇ ತಿಳಿಯದು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆನ್ ಅಥವಾ ಆಫ್ ಇರುವ ಹತ್ತು ಆಯ್ಕೆಗಳಿದ್ದರೆ ಸಾಧ್ಯವಿರುವ ಜೋಡಣೆಗಳು 1,024. ಅಷ್ಟನ್ನೂ ಪರೀಕ್ಷಿಸಿ ನೋಡುವವರಿಲ್ಲ. ಹಾಗಾಗಿ ಹೊಸ ಆಯ್ಕೆಗೆ ಯಾವ ಡಿಫಾಲ್ಟ್ ಎಂದು ಕೇಳುವ ಮೊದಲು ಈ ಆಯ್ಕೆ ಬೇಕೇ ಎಂದು ಕೇಳಬೇಕು. ಯಾವುದು ಸರಿ ಎಂದು ತೀರ್ಮಾನಿಸಲು ಇಬ್ಬರು ಎಂಜಿನಿಯರುಗಳಿಗೆ ಆಗದೆ, ಆ ಜಗಳವನ್ನು ಸೆಟ್ಟಿಂಗ್ಸ್ ಪುಟಕ್ಕೆ ತಳ್ಳಿ ಬಳಕೆದಾರರ ತಲೆಗೆ ಕಟ್ಟುವುದು ಬಹಳ ನಡೆಯುತ್ತದೆ.

ಯುಪಿಐ ಕೋರಿಕೆಯ ವಿಷಯದಲ್ಲಿ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಕೊನೆಗೆ ಕೇಳಿದ್ದು ‘ಈ ಆಯ್ಕೆ ಬೇಕೇ’ ಎಂಬ ಪ್ರಶ್ನೆಯನ್ನೇ. ‘ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ’ ಎಂದು ನಂಬಿಸಿ, ಕೋರಿಕೆಗೆ ಒಪ್ಪಿಸಿ, ಖಾತೆಯಿಂದಲೇ ಹಣ ಸೆಳೆಯುತ್ತಿದ್ದರು. ಮೊದಲು 2,000 ರೂಪಾಯಿಯ ಮಿತಿ ಇತ್ತು. ವಂಚನೆ ನಿಲ್ಲಲಿಲ್ಲ. ಆಫ್ ಇಟ್ಟು ಬೇಕಾದವರು ಆನ್ ಮಾಡಿಕೊಳ್ಳಲಿ ಎಂದರೆ ವಂಚಕರು ಮೊದಲು ಅದನ್ನೇ ಆನ್ ಮಾಡಿಸುತ್ತಿದ್ದರು. ಕೊನೆಗೆ ವ್ಯಕ್ತಿಗಳ ನಡುವಿನ ಕೋರಿಕೆಯನ್ನೇ ತೆಗೆದುಹಾಕಿದರು. ಹಣ ಕಳಿಸಲು ಬೇರೆ ದಾರಿಗಳು ಹೇಗೂ ಇದ್ದವು.

ಆರು ಪ್ರಶ್ನಾರ್ಥಕ ಚಿಹ್ನೆಗಳು

ಡಿಫಾಲ್ಟ್ ಎಂಬುದು ಅದನ್ನು ಮಾಡಿದವರ ಊರಿನ ರೂಢಿ. ಕನ್ನಡಿಗರಿಗೆ ಇದು ತಾಗಿದ ಬಗೆ ವಿವರವಾಗಿ ನೋಡುವಂಥದ್ದು.

ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶ ಹುಟ್ಟಿದ್ದು ಸ್ವೀಡನ್ ದೇಶದ ಕಂಪನಿಯಲ್ಲಿ. ಅಕ್ಷರಗಳನ್ನು ಉಳಿಸಲು ಅದು ಮೊದಲೇ ಆರಿಸಿಟ್ಟಿದ್ದದ್ದು ಪಶ್ಚಿಮ ಯುರೋಪಿನ ಭಾಷೆಗಳಿಗೆ ಸಾಲುವ ಲ್ಯಾಟಿನ್-1 ಎಂಬ ಅಕ್ಷರಪಟ್ಟಿ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಕ್ರಮವೂ ಸ್ವೀಡಿಷ್ ಭಾಷೆಯದೇ. ಅವರ ಮಟ್ಟಿಗೆ ಅದು ಸಹಜ ಆಯ್ಕೆ. ಜಗತ್ತಿನ ಅಸಂಖ್ಯ ಜಾಲತಾಣಗಳು, ಕಚೇರಿ ತಂತ್ರಾಂಶಗಳು ಅದನ್ನು ಮುಟ್ಟದೆ ಹಾಗೆಯೇ ಬಳಸಿದವು.

ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ‘ಕಾರವಾರ’ ಎಂದು ಬೆರಳಚ್ಚಿಸಿ ಉಳಿಸಿದರೆ ಒಳಗೆ ಹೋಗಿ ಕೂರುವುದು ‘??????’. ಕ, ದೀರ್ಘದ ಗುರುತು, ರ, ವ, ಮತ್ತೆ ದೀರ್ಘ, ರ, ಹೀಗೆ ಆರು ಸಂಕೇತಗಳಿಗೆ ಆರು ಪ್ರಶ್ನಾರ್ಥಕ ಚಿಹ್ನೆ. ‘ಶಿರಸಿ’ಗೆ ಐದು. ಅಂಕೋಲಾದ ಸದಸ್ಯರೂ ಕಾರವಾರದ ಸದಸ್ಯರೂ ಪಟ್ಟಿಯಲ್ಲಿ ಒಂದೇ ರೀತಿ ಕಾಣುತ್ತಾರೆ. ಅದಕ್ಕಿಂತ ಕೆಟ್ಟದ್ದು, ಒಮ್ಮೆ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿದ ಮೇಲೆ ಅದರಿಂದ ಮೂಲ ಹೆಸರನ್ನು ಮರಳಿ ತೆಗೆಯುವ ಉಪಾಯವಿಲ್ಲ. ಅಕ್ಷರ ಕಲಸಿಹೋಗಿದ್ದರೆ ಬಿಡಿಸಬಹುದಿತ್ತು. ಇಲ್ಲಿ ಅಕ್ಷರವೇ ಹೋಗಿದೆ.

ಇದನ್ನು ತಡೆಯಬಹುದಾಗಿದ್ದ ಎರಡನೆಯ ಆಯ್ಕೆಯೊಂದಿತ್ತು. ಹೊಂದದ ದತ್ತಾಂಶ ಬಂದರೆ ‘ಆಗುವುದಿಲ್ಲ’ ಎಂದು ತಿರಸ್ಕರಿಸುವ ಕಟ್ಟುನಿಟ್ಟಿನ ಕ್ರಮ. ಅದೂ ಹಳೆಯ ಆವೃತ್ತಿಗಳಲ್ಲಿ ಆಫ್ ಇತ್ತು. ತಿರಸ್ಕರಿಸಿದರೆ ಕೆಲಸ ನಿಲ್ಲುತ್ತದೆ, ಬಳಕೆದಾರರಿಗೆ ಕಿರಿಕಿರಿಯಾಗುತ್ತದೆ ಎಂಬ ಸದುದ್ದೇಶವೇ ಇದ್ದಿರಬೇಕು. ಫಲಿತಾಂಶವಾಗಿ ತಂತ್ರಾಂಶ ಬಾಯಿಮುಚ್ಚಿಕೊಂಡು ಹೆಸರುಗಳನ್ನು ನುಂಗಿತು, ನಮೂದಿಸಿದವರು ಎಲ್ಲ ಸರಿಯಾಗಿದೆ ಎಂದುಕೊಂಡು ಮುಂದಿನ ಪುಟಕ್ಕೆ ಹೋದರು. 2015ರಲ್ಲಿ ಬಂದ 5.7ನೇ ಆವೃತ್ತಿಯಲ್ಲಿ ಕಟ್ಟುನಿಟ್ಟು ಆನ್ ಆಯಿತು. 2018ರ 8.0ರಲ್ಲಿ ಎಲ್ಲ ಭಾಷೆಗಳನ್ನೂ ಹಿಡಿಸುವ ಯುನಿಕೋಡ್ ಡಿಫಾಲ್ಟ್ ಆಯಿತು. ಹಳೆಯ ಕೋಷ್ಟಕಗಳು ಮಾತ್ರ ಮೇಲ್ದರ್ಜೆಗೆ ಏರಿದರೂ ಹಳೆಯ ಅಕ್ಷರಪಟ್ಟಿಯಲ್ಲೇ ಉಳಿಯುತ್ತವೆ. ಅವನ್ನು ಯಾರಾದರೂ ಕೈಯಾರೆ ಬದಲಿಸಬೇಕು.

ತಪ್ಪಾಗಿ ಮುಂದುವರಿಯುವುದೋ ನಿಂತು ಕೇಳುವುದೋ ಎಂಬ ಪ್ರಶ್ನೆ ಎದ್ದಾಗ, ಮರಳಿ ಪಡೆಯಲಾಗದ ವಸ್ತು ಪಣದಲ್ಲಿದ್ದರೆ ನಿಂತು ಕೇಳಬೇಕು. ಜನರ ಹೆಸರು ಅಂಥ ವಸ್ತು. ಪಹಣಿಯ ಹೆಸರಿಗೂ ಸಂಘದ ಖಾತೆಯ ಹೆಸರಿಗೂ ಒಂದು ಕೊಂಬಿನ ವ್ಯತ್ಯಾಸವಾದರೂ ಸಾಲ, ವಿಮೆ ಎರಡೂ ತಡೆಹಿಡಿಯಲ್ಪಡುವುದನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ.

ಕಡಲಿನಲ್ಲಿ 370 ಮೀಟರ್

ಆನ್ ಮತ್ತು ಆಫ್ ಎರಡರಲ್ಲಿ ಒಂದು ಸುರಕ್ಷಿತ ಎಂದು ಎಲ್ಲ ಕಡೆ ಹೇಳಲಾಗುವುದಿಲ್ಲ. ದೋಣಿಯ ಜಿಪಿಎಸ್ ಅಂಥದ್ದು.

ಸ್ಥಳವನ್ನು ತೋರಿಸಲು ಈ ಯಂತ್ರಗಳಲ್ಲಿ ಬೇರೆ ಬೇರೆ ನಮೂನೆಗಳಿವೆ. ಒಂದು, ಡಿಗ್ರಿ ಮತ್ತು ದಶಮಾಂಶದ ನಿಮಿಷ. ಇನ್ನೊಂದು, ಡಿಗ್ರಿ, ನಿಮಿಷ, ಸೆಕೆಂಡು. ಕಾರವಾರದ ಅಕ್ಷಾಂಶ ಸುಮಾರು 14 ಡಿಗ್ರಿ 48 ನಿಮಿಷ. ಬಲೆ ಹರಿಯುವ ಬಂಡೆ ಇರುವ ಜಾಗವನ್ನು ಒಬ್ಬ ತಾಂಡೇಲರು (ದೋಣಿ ನಡೆಸುವವರು) ‘14 48 30’ ಎಂದು ಚೀಟಿಯಲ್ಲಿ ಬರೆದು ಇನ್ನೊಂದು ದೋಣಿಯವರಿಗೆ ಕೊಟ್ಟರೆನ್ನಿ. ಬರೆದವರ ಯಂತ್ರದಲ್ಲಿ ಅದು 48.30 ನಿಮಿಷ. ಪಡೆದವರ ಯಂತ್ರದಲ್ಲಿ 48 ನಿಮಿಷ 30 ಸೆಕೆಂಡು, ಅಂದರೆ 48.50 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. 0.20 ನಿಮಿಷದ ವ್ಯತ್ಯಾಸಕ್ಕೆ 370 ಮೀಟರ್. ಬಂಡೆಯಿಂದ ದೂರವಿದ್ದೇವೆ ಎಂದುಕೊಂಡು ಬಲೆ ಬಿಟ್ಟರೆ ಬಲೆ ಬಂಡೆಯ ಮೇಲೆಯೇ ಬೀಳಬಹುದು. ತೊಂದರೆಯಲ್ಲಿದ್ದಾಗ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆಮಾಡಿ ಸ್ಥಳ ಹೇಳುವಾಗಲೂ ಇದೇ ಗೊಂದಲ ಆಗಬಹುದು. ಮಳೆಗಾಲದ ಕಡಲಿನಲ್ಲಿ, ರಾತ್ರಿ, ತಲೆಯಷ್ಟೇ ನೀರಿನ ಮೇಲಿರುವ ಮನುಷ್ಯನನ್ನು ಹುಡುಕುವವರಿಗೆ 370 ಮೀಟರ್ ಬಹಳ.

ಆಳದ ಲೆಕ್ಕದಲ್ಲೂ ಹೀಗೆಯೇ. ಮೀನುಗಾರರು ಆಳವನ್ನು ಮಾರಿನಲ್ಲಿ (ಒಂದು ಮಾರು ಸುಮಾರು ಆರು ಅಡಿ) ಹೇಳುತ್ತಾರೆ, ಯಂತ್ರ ಅಡಿಯಲ್ಲೋ ಮೀಟರಿನಲ್ಲೋ ಮಾರಿನಲ್ಲೋ ತೋರಿಸುತ್ತದೆ. ಪರದೆಯ ಮೇಲೆ ಬರಿ ‘10’ ಎಂದಿದ್ದರೆ ಅದು ಮೂರು ಮೀಟರೂ ಆಗಿರಬಹುದು, ಹದಿನೆಂಟು ಮೀಟರೂ ಆಗಿರಬಹುದು.

ಇಲ್ಲಿ ಯಾವ ನಮೂನೆ ಮೇಲು ಎಂದು ವಾದಿಸಿ ಪ್ರಯೋಜನವಿಲ್ಲ. ಬಂದರಿನ ಹೆಚ್ಚಿನ ದೋಣಿಗಳಲ್ಲಿ ಯಾವುದಿದೆಯೋ ಅದೇ ಸರಿಯಾದ ಡಿಫಾಲ್ಟ್. ಅಂಕಿಯ ಪಕ್ಕದಲ್ಲಿ ಅದರ ಮಾನವನ್ನು ಬಿಡದೆ ತೋರಿಸುವುದು ಡಿಫಾಲ್ಟ್‌ಗಿಂತ ಮುಖ್ಯ. ತಪ್ಪು ಆಯ್ಕೆ ಕಣ್ಣಿಗೆ ಕಾಣುವಂತಿದ್ದರೆ ಅರ್ಧ ಅಪಾಯ ಅಲ್ಲಿಗೇ ಕಳೆಯುತ್ತದೆ.

ಜನರನ್ನೇ ಕೇಳಿದರೆ ಆಗದೇ?

ಯಾವ ಕಡೆಯನ್ನೂ ಆರಿಸದೆ, ಮೊದಲ ದಿನವೇ ಬಳಕೆದಾರರನ್ನು ಕೇಳಿಬಿಡಿ ಎನ್ನುವ ಪಕ್ಷವೂ ಇದೆ. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದ ಪ್ರಕರಣದ ಬಳಿಕ, ಹೊಸ ಫೋನು ಶುರುಮಾಡುವಾಗ ಹುಡುಕು ಯಂತ್ರವನ್ನು ಆರಿಸಿಕೊಳ್ಳುವ ಅವಕಾಶ ಕೊಡುವುದಾಗಿ ಕಂಪನಿ 2023ರ ಜನವರಿಯಲ್ಲಿ ಹೇಳಿತು. ಒಂದೆರಡು ವಿಷಯಕ್ಕೆ ಈ ದಾರಿ ಚೆನ್ನಾಗಿದೆ. ಇಪ್ಪತ್ತು ವಿಷಯಕ್ಕೆ ಕೇಳಿದರೆ ಮೂರನೆಯದರಿಂದ ಓದುವುದು ನಿಲ್ಲುತ್ತದೆ, ಬೆರಳು ‘ಸರಿ’ ಎಂಬಲ್ಲಿ ತಾನಾಗಿ ಬೀಳುತ್ತದೆ. ಆಗ ‘ಸರಿ’ ಎಂಬ ಗುಂಡಿಯೇ ಡಿಫಾಲ್ಟ್.

ತಯಾರಕರ ವಾದ ಬೇರೆ. ಒಳ್ಳೆಯ ಹೊಸ ಸೌಲಭ್ಯವನ್ನು ಆಫ್ ಇಟ್ಟರೆ ಅದು ಇದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ ಅವರು. ಮಾತು ನಿಜ, ಆದರೆ ಅದನ್ನು ಎಲ್ಲದಕ್ಕೂ ಎಳೆಯುತ್ತಾರೆ. ಪರದೆಯ ಚಿತ್ರವನ್ನು ಕೆಲವು ಸೆಕೆಂಡಿಗೊಮ್ಮೆ ತೆಗೆದಿಡುವ ‘ರಿಕಾಲ್’ ಸೌಲಭ್ಯವನ್ನು ವಿಂಡೋಸ್‌ನಲ್ಲಿ ಆನ್ ಇಟ್ಟೇ ಕೊಡುವ ಯೋಜನೆ 2024ರ ಮೇ ತಿಂಗಳಲ್ಲಿತ್ತು. ಭದ್ರತಾ ತಜ್ಞರು ಎಚ್ಚರಿಸಿದ ಮೇಲೆ ಜೂನ್‌ನಲ್ಲಿ ಅದನ್ನು ಆಫ್ ಮಾಡಲು ಮೈಕ್ರೋಸಾಫ್ಟ್ ಒಪ್ಪಿತು. ವಾಟ್ಸ್‌ಆ್ಯಪ್ 2019ರ ಏಪ್ರಿಲ್‌ನಲ್ಲಿ ‘ನನ್ನನ್ನು ಗುಂಪಿಗೆ ಯಾರು ಸೇರಿಸಬಹುದು’ ಎಂಬ ಆಯ್ಕೆ ಕೊಟ್ಟಿತು, ಮೊದಲ ಸ್ಥಿತಿಯನ್ನು ‘ಎಲ್ಲರೂ’ ಎಂದೇ ಇಟ್ಟಿತು. ಷೇರು ಪೇಟೆಯ ಲಾಭದ ಆಸೆ ತೋರಿಸುವ ಗುಂಪಿಗೆ ಅಪರಿಚಿತರು ಸೇರಿಸಿದ್ದರಿಂದಲೇ ವಂಚನೆ ಶುರುವಾದ ಪ್ರಕರಣಗಳು ಎಷ್ಟೋ. ರಕ್ಷಿಸುವ ಗುಂಡಿ ಇತ್ತು, ಆದರೆ ಅದನ್ನು ಹುಡುಕುವ ಹೊಣೆ ಅದರ ಅಗತ್ಯವೇ ತಿಳಿಯದವರ ಮೇಲಿತ್ತು.

ಇದಕ್ಕೆ ವಿರುದ್ಧವಾದ ಒಳ್ಳೆಯ ಮಾದರಿ ಆಂಡ್ರಾಯ್ಡ್‌ನಲ್ಲಿದೆ. ಮದುವೆ ಕರೆಯೋಲೆ, ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ಬಂದು, ಒತ್ತಿದರೆ ಆ್ಯಪ್ ಸ್ಥಾಪಿಸಲು ಹೊರಡುವ ಎಪಿಕೆ ಕಡತಗಳ ಕಾಟ ಎಲ್ಲರಿಗೂ ಗೊತ್ತು. ಹಿಂದೆ ‘ಅಪರಿಚಿತ ಮೂಲಗಳು’ ಎಂಬ ಒಂದೇ ಗುಂಡಿ ಇತ್ತು. ಯಾವುದೋ ಕೆಲಸಕ್ಕೆ ಒಮ್ಮೆ ಆನ್ ಮಾಡಿದರೆ ಎಲ್ಲ ದಾರಿಗಳಿಗೂ ಆನ್ ಆಗಿಯೇ ಉಳಿಯುತ್ತಿತ್ತು. 2017ರ ಆಂಡ್ರಾಯ್ಡ್ 8ರಿಂದ ಆ ಅನುಮತಿ ಒಂದೊಂದು ಆ್ಯಪ್‌ಗೂ ಬೇರೆ, ಎಲ್ಲವೂ ಮೊದಲಿಗೆ ಆಫ್. ಬ್ರೌಸರಿಗೆ ಕೊಟ್ಟ ಅನುಮತಿ ವಾಟ್ಸ್‌ಆ್ಯಪ್‌ಗೆ ದಕ್ಕುವುದಿಲ್ಲ. ಸರಿಯಾದ ಡಿಫಾಲ್ಟ್ ಸಿಗಬೇಕಾದರೆ ಕೆಲವೊಮ್ಮೆ ಆಯ್ಕೆಯನ್ನೇ ಸಣ್ಣ ಸಣ್ಣ ತುಂಡು ಮಾಡಬೇಕಾಗುತ್ತದೆ.

ಮುಂದೇನು?

ದತ್ತಾಂಶ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಸ್ಪಷ್ಟ ಕ್ರಿಯೆಯ ಮೂಲಕ ಬರಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕದ ಮುಂದೆ ಸುಮ್ಮನಿದ್ದದ್ದು ಕ್ರಿಯೆಯಲ್ಲ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಬರಬೇಕು. ಈ ಭಾಗ ಜಾರಿಗೆ ಬರಲು ನಿಯಮಗಳು ಪ್ರಕಟವಾದ ದಿನದಿಂದ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ. ಸಾಲಕ್ಕೆಂದು ಕೊಟ್ಟ ಮೊಬೈಲ್ ಸಂಖ್ಯೆಗೆ ಗೊಬ್ಬರದ ಜಾಹೀರಾತು ಕಳಿಸಲು ಮೊದಲೇ ಟಿಕ್ ಇರುವ ತಂತ್ರಾಂಶಗಳೆಲ್ಲ ಅಷ್ಟರೊಳಗೆ ಬದಲಾಗಬೇಕು. ಇದರಿಂದ ಎರಡು ಪರಿಣಾಮ ನಿರೀಕ್ಷಿಸಬಹುದು. ಪ್ರಚಾರ ಸಂದೇಶಗಳು ಕಡಿಮೆಯಾಗಬಹುದು. ಒಪ್ಪಿಗೆ ಕೇಳುವ ಪರದೆಗಳು ಹೆಚ್ಚಬಹುದು, ಅವುಗಳೊಂದಿಗೆ ಓದದೆ ‘ಸರಿ’ ಒತ್ತುವ ರೂಢಿಯೂ.

ಇದೇ ಹೊತ್ತಿಗೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ರಾಷ್ಟ್ರೀಯ ತಂತ್ರಾಂಶಕ್ಕೆ ತರುವ ಕೆಲಸ ನಡೆದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ ಒಪ್ಪಿದಾಗ ಇದ್ದ ಗುರಿ 63,000 ಸಂಘಗಳು, ವೆಚ್ಚ 2,516 ಕೋಟಿ ರೂಪಾಯಿ. ಹಿಂದೆ ಒಂದೊಂದು ಸಂಘಕ್ಕೆ ಒಂದೊಂದು ತಂತ್ರಾಂಶವಿದ್ದಾಗ ತಪ್ಪು ಡಿಫಾಲ್ಟ್‌ನ ಹಾನಿ ಒಂದು ಊರಿಗೆ ನಿಲ್ಲುತ್ತಿತ್ತು. ಇನ್ನು ಒಂದು ಟಿಕ್ ದೇಶದ ಉದ್ದಗಲಕ್ಕೂ ಒಂದೇ ಬೆಳಗ್ಗೆ ತಲುಪುತ್ತದೆ. ಸರಿಯಾದ ಟಿಕ್ ಕೂಡ ಹಾಗೆಯೇ ತಲುಪುತ್ತದೆ, ಲಾಭವಿರುವುದು ಅಲ್ಲಿ. ಸಂಘದ ಆಡಳಿತ ಮಂಡಳಿಗಳು ಅಪ್‌ಡೇಟ್ ಬಂದಾಗ ಒದಗಿಸಿದವರಿಂದ ಒಂದು ಪುಟದ ಪಟ್ಟಿಯನ್ನು ಕೇಳಿ ಪಡೆಯಬಹುದು: ಯಾವ ಆಯ್ಕೆ ಹೊಸದು, ನಮ್ಮಲ್ಲಿ ಅದು ಈಗ ಯಾವ ಸ್ಥಿತಿಯಲ್ಲಿದೆ, ನಿನ್ನೆಯ ಸ್ಥಿತಿಗೆ ಮರಳುವುದು ಹೇಗೆ. ಆ ಪಟ್ಟಿ ಠರಾವಿನ ಪುಸ್ತಕದಲ್ಲಿ ಅಂಟಿದ್ದರೆ ಮಾರ್ಚ್‌ನಲ್ಲಿ ಲೆಕ್ಕಪರಿಶೋಧಕರಿಗೆ ತೋರಿಸಲು ಕಾಗದವಿರುತ್ತದೆ.

ಭಾಷೆಯ ವಿಷಯ ಇನ್ನೂ ಬಗೆಹರಿದಿಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು ಎನ್ನುತ್ತದೆ ಕಾಯ್ದೆ. ಕನ್ನಡ, ಕೊಂಕಣಿ, ಮರಾಠಿ ಮೂರೂ ಆ ಪಟ್ಟಿಯಲ್ಲಿವೆ, ಮೂರೂ ಕಾರವಾರದಲ್ಲಿ ಮನೆಮಾತುಗಳು. ಮೊದಲ ಪರದೆ ಯಾವ ಭಾಷೆಯಲ್ಲಿ ತೆರೆದುಕೊಳ್ಳಬೇಕು ಎಂಬ ಬಗ್ಗೆ ಕಾಯ್ದೆ ಮೌನವಾಗಿದೆ. ಆ ಜಾಗವನ್ನು ಖಾಲಿ ಬಿಟ್ಟರೆ ಅಲ್ಲಿಗೆ ಇಂಗ್ಲಿಷ್ ಬಂದು ಕೂರುತ್ತದೆ, ಮೂಲೆಯಲ್ಲೊಂದು ಸಣ್ಣ ಗೋಲದ ಚಿತ್ರವಿರುತ್ತದೆ. ಆ ಗೋಲವನ್ನು ಒತ್ತಿದರೆ ತಮ್ಮ ಭಾಷೆ ಬರುತ್ತದೆ ಎಂದು ತಿಳಿಯಲು ಬೈತಖೋಲದಲ್ಲಿ ಮೀನು ಹರಾಜು ಕೂಗುವ ಹೆಂಗಸಿಗೆ ಯಾರಾದರೂ ಹೇಳಿಕೊಡಬೇಕು. ಸಂಘದ ದಾಖಲೆಯಲ್ಲಿ ಅವಳ ಭಾಷೆ ಯಾವುದೆಂದು ಈಗಾಗಲೇ ಬರೆದಿದ್ದರೆ, ಪರದೆ ಅದರಲ್ಲೇ ತೆರೆದುಕೊಳ್ಳುವಂತೆ ಮಾಡಲು ತಂತ್ರಾಂಶ ಬರೆಯುವವರಿಗೆ ಬೇಕಾಗುವುದು ಒಂದು ಸಾಲು. ಆ ಸಾಲನ್ನು ಬರೆಯಲು 2027ರ ಮೇವರೆಗೆ ಸಮಯವಿದೆ.